ರಾಜನಿಗೆ ದನಿ ಇಲ್ಲದ ಮಧ್ಯಾಹ್ನ

ಡಿಸೆಂಬರ್ ತಿಂಗಳ ಕೊನೆಯ ವಾರ, ಕ್ರಿಸ್‌ಮಸ್ ರಜೆ, ಮಧ್ಯಾಹ್ನ ಮೂರು ಹೊಡೆದು ಸ್ವಲ್ಪ ಹೊತ್ತಾಗಿತ್ತು. ಕೊಟ್ಟೂರಿನ ಶೇಂಗಾ ದಲ್ಲಾಳಿ ಗುರುಬಸಪ್ಪನವರ ಮನೆಯ ಪಡಸಾಲೆಯಲ್ಲಿ, ಟಿ.ವಿ. ಇಟ್ಟ ಮೇಜಿಗೂ ಗೋಡೆಗೂ ನಡುವೆ ನಾನು ನಿಂತಿದ್ದೆ. ಬಲಗೈಯ ಎರಡು ಬೆರಳಲ್ಲಿ ಕೇಬಲ್ಲಿನ ತಾಮ್ರದ ಎಳೆಯನ್ನು ಟಿ.ವಿ.ಯ ಹಿಂಬದಿಯ ತೂತಿಗೆ ಒತ್ತಿ ಹಿಡಿದಿದ್ದೆ. ಬಿಟ್ಟರೆ ಚಿತ್ರ ಹೋಗುತ್ತಿತ್ತು. ನಾನು ಟಿ.ವಿ.ಯ ಹಿಂದಿದ್ದುದರಿಂದ ನನಗೆ ಕಂಡದ್ದು ನೋಡುವವರ ಮುಖಗಳು. ಚಿತ್ರ ಕಂಡದ್ದು ಎದುರು ಗೋಡೆಯ ಗಾಜಿನ ಕಪಾಟಿನಲ್ಲಿ, ಎಡಬಲ ತಿರುಗಿ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನೀನು ಎಲ್ಲಿದ್ದೆ ಎಂದು ಕೇಳಬಾರದು.

ವಿ.ಸಿ.ಡಿ. ಬಂದು ಒಂದೆರಡು ವರ್ಷವಾಗಿದ್ದ ಕಾಲ ಅದು. ಸೆಟ್‌ಟಾಪ್ ಬಾಕ್ಸ್ ಎಂಬ ಮಾತು ನಮ್ಮ ಕಡೆ ಹುಟ್ಟಿರಲಿಲ್ಲ. ಈಗ ಕೇಬಲ್ ಕೆಲಸಕ್ಕೆ ಸೇರುವ ಹುಡುಗರು ಗಾಜಿನ ತಂತಿ ಎಳೆಯುತ್ತಾರೆ, ಮೊಬೈಲಿನಲ್ಲೇ ದೋಷ ಹುಡುಕುತ್ತಾರೆ. ಹಿಂದೆ ಹೇಗಿತ್ತು ಬರೆಯಿರಿ ಎಂದು ಅವರು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ನಾನು ಕಂಬ ಹತ್ತುವವನಾಗಿ ಸೇರಿ ಹೆಡ್ ಟೆಕ್ನಿಷಿಯನ್ ಆಗಿ ನಿವೃತ್ತನಾದೆ. ಅದರಲ್ಲಿ ಹೇಳುವಂಥದ್ದೇನಿಲ್ಲ. ಹೆಡ್ ಆದ ಮೇಲೂ ಕಂಬ ಹತ್ತುತ್ತಿದ್ದವನು ನಾನೇ.

ಆ ಕೆಲಸದ ಬಹುಪಾಲು ಕೋತಿಗಳ ಜೊತೆ ಮತ್ತು ಸೀರೆಗಳ ಜೊತೆ ಕಳೆಯಿತು. ಕೋತಿಗಳು ತಂತಿ ಹಿಡಿದು ಜೋತಾಡುತ್ತಿದ್ದವು, ಹೆಣ್ಣುಮಕ್ಕಳು ಅದೇ ತಂತಿಯ ಮೇಲೆ ಸೀರೆ ಒಣಹಾಕುತ್ತಿದ್ದರು. ಊರಿನ ಅತಿ ಉದ್ದದ ಬಟ್ಟೆಹಗ್ಗ ನಮ್ಮದೇ ಆಗಿತ್ತು. ಒಮ್ಮೆ ಒಂದು ಓಣಿಗೆ ಇಡೀ ದಿನ ಚಿತ್ರವಿಲ್ಲ. ಹುಡುಕಿಕೊಂಡು ಹೋದರೆ ಒಬ್ಬ ಅಜ್ಜಿ ಒದ್ದೆ ಕೌದಿಯನ್ನೇ ಹೊದಿಸಿದ್ದಳು. ತಂತಿ ಜಗ್ಗಿ ಜಾಯಿಂಟ್ ಬಿಚ್ಚಿತ್ತು. "ಅಜ್ಜೀ, ಇದು ಕೇಬಲ್ಲು" ಎಂದೆ. "ಗೊತ್ತೈತಿ ತಗಿಯಪಾ. ನಮ್ಮ ಮನ್ಯಾಗ ಟಿ.ವಿ. ಇಲ್ಲ, ಕೌದಿ ಐತಿ" ಎಂದಳು. ನಾನು ಜಾಯಿಂಟ್ ಕಟ್ಟಿ, ಕೌದಿಯ ಇನ್ನೊಂದು ತುದಿ ಹಿಡಿದು ಹಿಂಡಿಕೊಟ್ಟೆ.

ನಮ್ಮ ಧಣಿಗೆ ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಕೇಬಲ್ಲಿನ ಕಂಟ್ರೋಲ್ ರೂಮು. ಗಿರಣಿ ನಿಂತಾಗ ಮಾತ್ರ ಮೇಲೆ ಮಾತು ಕೇಳಿಸುತ್ತಿತ್ತು. ದೊಡ್ಡ ಚಾನೆಲ್ಲುಗಳ ಜೊತೆಗೆ ನಮ್ಮದೇ ಒಂದು ಲೋಕಲ್ ಚಾನೆಲ್ ಇತ್ತು. ಅದರಲ್ಲಿ ದಿನಾ ಮಧ್ಯಾಹ್ನ ಒಂದು ಸಿನಿಮಾ ಹಾಕಬೇಕು. ಹಾಕಲು ಅನುಮತಿ ಇತ್ತೇ ಎಂದು ಕೇಳಬೇಡಿ. ಬೇಡವೆಂದು ನಮಗೆ ಯಾರೂ ಹೇಳಿರಲಿಲ್ಲ, ಕೇಳಿಕೊಂಡು ಹೋಗುವ ಚಟ ನಮಗೂ ಇರಲಿಲ್ಲ.

ಒಂದು ರಜೆಯಲ್ಲಿ ಕನ್ನಡ ಸಿನಿಮಾಗಳು ಮುಗಿದುಹೋದವು. ಧಣಿ ಹುಬ್ಬಳ್ಳಿಯಿಂದ ಇಂಗ್ಲಿಷ್ ಡಿಸ್ಕುಗಳ ಒಂದು ಚೀಲ ತರಿಸಿದರು. ಅದರಲ್ಲಿದ್ದವೆಲ್ಲ ಒಂದೇ ಸಿನಿಮಾ ಎಂದು ನನಗೆ ಇಂದಿಗೂ ಅನುಮಾನ. ಭೂಪಟದಲ್ಲಿಲ್ಲದ ಒಂದು ಪುಟ್ಟ ರಾಜ್ಯ. ಅಲ್ಲಿ ವರ್ಷವಿಡೀ ಹಿಮ ಮತ್ತು ಹಬ್ಬ. ಒಬ್ಬ ರಾಜಕುಮಾರಿ. ಅವಳಂತೆಯೇ ಕಾಣುವ ಒಬ್ಬ ಬಡವರ ಹುಡುಗಿ, ಬಹುಮಟ್ಟಿಗೆ ಬೇಕರಿಯವಳು. ರಜೆ ಮುಗಿಯುವವರೆಗೆ ಇಬ್ಬರೂ ಬಟ್ಟೆ ಬದಲಿಸಿಕೊಂಡು ಅವಳು ಇವಳ ಜಾಗಕ್ಕೆ, ಇವಳು ಅವಳ ಜಾಗಕ್ಕೆ ಹೋಗುತ್ತಾರೆ. ಹೆತ್ತವರಿಗೆ ಗುರುತು ಸಿಗುವುದಿಲ್ಲ, ನಾಯಿಗೆ ಸಿಗುತ್ತದೆ. ಕೊನೆಗೆ ಎಲ್ಲರೂ ಹಿಮದಲ್ಲಿ ನಿಂತು ನಗುತ್ತಾರೆ. ಆ ರಾಜ್ಯದಲ್ಲಿ ಯಾರೂ ಕೆಲಸಕ್ಕೆ ಹೋದದ್ದನ್ನು ನಾನು ಕಾಣಲಿಲ್ಲ. ಊರಿನವರು ಇವಕ್ಕೆ ರಾಣಿ ಸಿನಿಮಾ ಎಂದು ಹೆಸರಿಟ್ಟರು.

ಮೊದಲ ದಿನ ಧಣಿಯ ತಾಯಿ ಮಹಡಿ ಹತ್ತಿ ಬಂದರು. "ಬಾಯಿ ಬಡೀತಾವ, ಏನ್ ಅಂತಾವ ತಿಳಿಯವಲ್ದು. ನೀ ಹೇಳಪಾ" ಎಂದರು. ನನಗೂ ತಿಳಿದಿರಲಿಲ್ಲ. ಆದರೆ ಧಣಿಯ ತಾಯಿ. ಇಂಗ್ಲಿಷ್ ದನಿ ಬಂದ್ ಮಾಡಿ, ನಮ್ಮ ಜಾಹೀರಾತಿನ ಮೈಕ್ ಹಿಡಿದು, ತುಟಿ ಆಡಿದ ಹಾಗೆ ನನಗೆ ತೋಚಿದ ಕನ್ನಡ ಹೇಳುತ್ತ ಹೋದೆ. ರಾಜನೂ ನಾನೇ, ಸೇವಕನೂ ನಾನೇ, ರಾಜಕುಮಾರಿಯೂ ನಾನೇ. ಮರುದಿನ ಇಡೀ ಕೊಟ್ಟೂರು ನಕ್ಕಿತು, ಅದರ ಮರುದಿನ ಇಡೀ ಕೊಟ್ಟೂರು ಟಿ.ವಿ. ಮುಂದೆ ಕೂತಿತು. ಧಣಿ ಅದನ್ನು ಟೇಪಿಗೆ ಇಳಿಸಿ ಬಸ್ಸಿನಲ್ಲಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಆಪರೇಟರುಗಳಿಗೆ ಕಳಿಸತೊಡಗಿದರು. ಅಲ್ಲಿ ಅದು ಮರುದಿನ ಓಡುತ್ತಿತ್ತು. ಹರಪನಹಳ್ಳಿಯ ಆಪರೇಟರ್ ಮಾತ್ರ ಫೋನು ಮಾಡಿ, "ನಿಮ್ಮ ರಾಜ ಶೇಂಗಾ ರೇಟು ಹೇಳೋರಂಗೆ ಮಾತಾಡ್ತಾನಲ್ರೀ" ಎಂದ. ರಾಜ ಹೇಗೆ ಮಾತಾಡಬೇಕು ಎಂದು ಕೇಳಿದೆ. "ಸ್ವಲ್ಪ ದಾವಣಗೇರಿ ಕಡಿಯಂಗೆ" ಎಂದ.

ಹೆಣ್ಣಿನ ದನಿಗೆ ಹೆಣ್ಣೇ ಬೇಕೆಂದು ನನ್ನ ಹೆಂಡತಿ ಸುಮಂಗಲಾ ಹಟ ಹಿಡಿದಳು. ಡಿಸ್ಕು ಹಾಕುವ, ನಿಲ್ಲಿಸುವ ಕೆಲಸ ಅವಳದಾಗಿತ್ತು. ಗಿರಣಿಯ ಪಕ್ಕದಲ್ಲಿ ಕಂಪ್ಯೂಟರ್ ಕಲಿಸುವ ಒಂದು ಕೋಣೆ ಇತ್ತು. ಅಲ್ಲಿಗೆ ಬರುತ್ತಿದ್ದ ಶಿವಲೀಲಾ ಎಂಬ ಹುಡುಗಿಯನ್ನು ಅವಳು ಕರೆದುಕೊಂಡು ಬಂದಳು. ಶಿವಲೀಲಾ ಗುರುಬಸಪ್ಪನವರ ಒಬ್ಬಳೇ ಮಗಳು. ಶಿಕ್ಷಕಿಯ ತರಬೇತಿ ಮುಗಿಸಿ ಮನೆಯಲ್ಲಿದ್ದಳು. ಮೈಕಿನ ಮುಂದೆ ಕೂತ ಕೂಡಲೇ ರಾಜಕುಮಾರಿಗೆ ಒಂದು ದನಿ, ಬೇಕರಿಯ ಹುಡುಗಿಗೆ ಒಂದು ದನಿ ತೆಗೆದಳು. ಕಣ್ಣು ಮುಚ್ಚಿದರೂ ಯಾರು ಯಾರ ಬಟ್ಟೆಯಲ್ಲಿದ್ದಾರೆ ಎಂದು ತಿಳಿಯುತ್ತಿತ್ತು.

ಮನೆಯಲ್ಲಿ ಹೇಳಿದ್ದು ಕಂಪ್ಯೂಟರ್ ಕ್ಲಾಸ್ ಎಂದು. ಅವಳ ತಂದೆ ದಿನಾ ಮಧ್ಯಾಹ್ನ ಊಟ ಮುಗಿಸಿ ರಾಣಿ ಸಿನಿಮಾಕ್ಕೆ ಕೂಡುತ್ತಿದ್ದರು. ಒಮ್ಮೆ ನನ್ನನ್ನು ಬಜಾರಿನಲ್ಲಿ ನಿಲ್ಲಿಸಿ ಕೇಳಿದರು.

"ಆ ಹುಡುಗಿ ದನಿ ಯಾರದಪಾ?"

"ಹೊರಗಿನವರ್ರಿ" ಎಂದೆ.

"ಎಷ್ಟ್ ಚಂದ ಮಾತಾಡ್ತಾಳ. ನಮ್ಮ ಮನ್ಯಾಗೂ ಒಬ್ಬಾಕಿ ಅದಾಳ, ಬಾಯಾಗ ನೀರು ಹಾಕ್ಕೊಂಡಂಗ."

ತಂದೆಗೆ ಮಗಳ ದನಿ ಗುರುತು ಸಿಗದಿದ್ದುದು ಹೇಗೆ ಎಂದು ನೀವು ಕೇಳಬಹುದು. ನಾನೂ ಬಹಳ ಯೋಚಿಸಿದ್ದೇನೆ. ಆ ಮನೆಯಲ್ಲಿ ಅವಳು ತಂದೆಯ ಎದುರು ಹೂಂ, ಉಹೂಂ ಬಿಟ್ಟು ಮಾತಾಡಿದ್ದು ಕಡಿಮೆ. ಕೇಳಿರದ ದನಿಯನ್ನು ಗುರುತಿಸುವುದು ಕಷ್ಟ.

ಈಗ ನಮ್ಮ ದೊಡ್ಡ ತಪ್ಪಿನ ವಿಷಯ. ಆ ವರ್ಷ ಕ್ರಿಸ್‌ಮಸ್ ರಜೆಗೆ ಹೊಸ ರಾಣಿ ಸಿನಿಮಾ ಬಂತು. ರಾಣಿ ಸಿನಿಮಾವನ್ನು ದಿನಕ್ಕಿಷ್ಟು ಎಂದು ತುಂಡು ತುಂಡಾಗಿ ಹಾಕುತ್ತಿದ್ದೆವು. ಇದು ಎರಡು ಡಿಸ್ಕಿನ ಸಿನಿಮಾ, ಬಂದದ್ದು ಒಂದೇ ಡಿಸ್ಕು. ಎರಡನೆಯದು ನಾಳೆ ಬರುತ್ತದೆ ಎಂದು ಧಣಿ ಶುರು ಮಾಡಿಸಿಬಿಟ್ಟರು. ಮೊದಲ ಭಾಗದಲ್ಲಿ ಅರಮನೆಗೆ ಒಬ್ಬ ಚೆಂದದ ಯುವಕ ಕುದುರೆ ಮೇಲೆ ಬರುತ್ತಾನೆ, ರಾಣಿಯ ಕೈಗೆ ಮುತ್ತಿಡುತ್ತಾನೆ, ಅಲ್ಲೇ ಉಳಿಯುತ್ತಾನೆ. ನಮ್ಮ ನೋಡುಗರಿಗೆ ಕತೆ ಏನಾದರೂ ಆಗಲಿ, ಯಾರಿಗೆ ಯಾರು ಏನಾಗಬೇಕು ಎಂಬುದು ಮೊದಲು ಗೊತ್ತಾಗಬೇಕು. ಇಲ್ಲದಿದ್ದರೆ ಫೋನು ಬರುತ್ತದೆ. ನಾನು ಹಿಂದೆಮುಂದೆ ನೋಡದೆ ರಾಣಿಯ ದನಿಯಲ್ಲಿ, "ಬಾರಪ್ಪ, ನನ್ನ ತಂಗಿ ಮಗ ಬಂದ" ಎಂದೆ. ಎಲ್ಲರಿಗೂ ಸಮಾಧಾನವಾಯಿತು. ರಾಣಿಯ ತಂಗಿಯ ಮಗ ಎಂದರೆ ರಾಜಕುಮಾರಿಗೆ ಅಣ್ಣ. ರಜೆಗೆ ದೊಡ್ಡವ್ವನ ಮನೆಗೆ ಬಂದಿದ್ದಾನೆ. ನಮ್ಮಲ್ಲಿ ದಿನಾ ನಡೆಯುವುದೇ.

ಎರಡನೆಯ ಡಿಸ್ಕು ಬಂದು, ಮೈಕ್ ಹಿಡಿದು ಅರ್ಧ ತಾಸಾಗಿರಲಿಲ್ಲ. ಆ ಯುವಕ ರಾಜಕುಮಾರಿಯ ವೇಷದಲ್ಲಿದ್ದ ಬೇಕರಿ ಹುಡುಗಿಯನ್ನು ಸೊಂಟ ಹಿಡಿದು ಕುಣಿಸತೊಡಗಿದ. ಅವನು ಬಂದದ್ದೇ ರಾಜಕುಮಾರಿಯನ್ನು ಮದುವೆಯಾಗಲು. ಇಂಗ್ಲಿಷ್ ತಿಳಿದವರಿಗೆ ಮೊದಲ ಮಾತಿನಲ್ಲೇ ತಿಳಿದಿರಬೇಕು. ನಮ್ಮ ಕನ್ನಡದಲ್ಲಿ ಅವನು ತನ್ನ ತಂಗಿ ಎಂದುಕೊಂಡೇ ಅವಳನ್ನು ಮೋಹಿಸುತ್ತಿದ್ದ. ಫೋನು ಬಡಿಯತೊಡಗಿತು. ಸುಮಂಗಲಾ ಎತ್ತಿದಳು. ಆ ಕಡೆಯ ಹೆಂಗಸಿನ ಮಾತು ನನಗೂ ಕೇಳಿತು.

"ಏನವಾ, ನಿನ್ನ ಗಂಡ ಅಣ್ಣ-ತಂಗಿಗೆ ಲಗ್ನ ಮಾಡಾಕ ಹೊಂಟಾನೇನು? ಮನ್ಯಾಗ ಹಿರೇರು ಯಾರೂ ಇಲ್ಲೇನು?"

ಮೈಕನ್ನು ಶಿವಲೀಲಾ ಎಳೆದುಕೊಂಡಳು. ತೆರೆಯ ಮೇಲೆ ರಾಣಿ ರಾಜನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಶಿವಲೀಲಾ ಅವಳ ದನಿಯಲ್ಲಿ, "ಇನ್ನ ಮುಚ್ಚಿಡೋದು ಬ್ಯಾಡ್ರಿ. ಇವನ್ನ ಸಾಕಿದ್ದಷ್ಟಾ ನನ್ನ ತಂಗಿ. ಹೆತ್ತಾಕಿ ನಿಮ್ಮ ತಂಗಿ" ಎಂದಳು. ಅಷ್ಟರಿಂದ ಅವನು ರಾಜಕುಮಾರಿಗೆ ಅಣ್ಣನಲ್ಲ, ಅತ್ತೆಯ ಮಗ. ಮದುವೆಗೆ ಅಡ್ಡಿಯಿಲ್ಲ, ಬದಲಿಗೆ ಅದೇ ಸರಿ. ಫೋನು ನಿಂತಿತು. ಕೊಟ್ಟೂರು ಉಸಿರು ಬಿಟ್ಟಿತು, ಮರುದಿನ ಉಳಿದ ನಾಲ್ಕು ಊರೂ ಬಿಟ್ಟವು.

ಆ ಜಾಣತನದ ಬಿಸಿ ತಟ್ಟಿದ್ದು ಅವಳಿಗೇ. ಗುರುಬಸಪ್ಪನವರ ತಂಗಿ ಈರಮ್ಮನವರನ್ನು ಹಡಗಲಿಗೆ ಕೊಟ್ಟಿತ್ತು. ಅವರ ಮಗನಿಗೆ ಗೊಬ್ಬರದ ಅಂಗಡಿ. ಶಿವಲೀಲಾಳನ್ನು ಅವನಿಗೆ ಕೊಡುವ ಮಾತು ಎಷ್ಟೋ ದಿನದಿಂದ ಇತ್ತು, ಮುಂದೆ ಹೋಗಿರಲಿಲ್ಲ. ಆ ಸಂಜೆ ಗುರುಬಸಪ್ಪನವರು ತಮ್ಮ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ, "ನೋಡ್ರಿ, ಬಿಳೇ ಮಂದಿನೂ ಕಡೀಕ ಅತ್ತಿ ಮಗನಿಗೇ ಕೊಡ್ತಾರ" ಎಂದರಂತೆ. ಹಡಗಲಿಗೆ ಫೋನು ಹೋಯಿತು. ಎರಡು ದಿನ ಬಿಟ್ಟು ಈರಮ್ಮನವರು ಹೊಸ ಸೀರೆ, ಕಾಯಿ, ಹೂವಿನೊಂದಿಗೆ ಬಂದು ಸಂಜೆ ಹುಡುಗಿಗೆ ಹೂ ಮುಡಿಸುವುದು ಎಂದು ನಿಶ್ಚಯವಾಯಿತು. ಹೂ ಮುಡಿಸಿದರೆ ಆಯಿತು, ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ಆ ದಿನ ನಮ್ಮ ಸಿನಿಮಾದ ಕೊನೆಯ ಭಾಗದ ದಿನವೂ ಆಗಿತ್ತು.

ಆ ಮಧ್ಯಾಹ್ನ ಶಿವಲೀಲಾ ಬಂದಳು. ಕ್ಲಾಸಿನ ಪರೀಕ್ಷೆ, ತಪ್ಪಿಸುವಂತಿಲ್ಲ ಎಂದು ಹೇಳಿ ಬಂದಿದ್ದಳು. ಸುಮಂಗಲಾ ಕೇಳಿದಳು, "ಹುಡುಗ ಹೆಂಗ ಅದಾನ?"

"ಚಲೋ ಅದಾನ್ರಿ ಅಕ್ಕಾರ. ಸಣ್ಣಾಕಿದ್ದಾಗಿಂದ ನೋಡೀನಿ."

"ಮತ್ತೇನು?"

"ಹರಪನಳ್ಳಿ ಕಡೆ ಒಂದ್ ಸಾಲ್ಯಾಗ ಕೆಲಸ ಕೊಡ್ತೀನಿ ಅಂದಾರ. ಹೊಸ ವರ್ಷಕ್ಕ ಸೇರಬೇಕು. ಅತ್ತಿ ಮನ್ಯಾಗ ಸೊಸಿ ಹೊಸ್ತಿಲಾ ದಾಟಂಗಿಲ್ಲ."

"ಅಪ್ಪಗ ಹೇಳಿಲ್ಲೇನು?"

"ಅಪ್ಪಾರು ಕೇಳಿದ್ರ ಹೇಳಬೌದು."

ಅಷ್ಟರಲ್ಲಿ ಗುರುಬಸಪ್ಪನವರದೇ ಫೋನು. ಬೀಗರು ಕೂತಿದ್ದಾರೆ, ಟಿ.ವಿ.ಯಲ್ಲಿ ಬರೀ ಮರಳು ಕಾಣುತ್ತದೆ, ಈಗಲೇ ಬಾ. ಧಣಿ ಹೋಗು ಎಂದರು. ರಾಜನ ಮಾತು ಯಾರು ಹೇಳಬೇಕು ಎಂದೆ. "ಹೋಗ್ರಿ ಅಣ್ಣಾರ, ರಾಜನ್ನೂ ನಾನಾ ನೋಡ್ಕೊಂತೀನಿ" ಎಂದಳು ಶಿವಲೀಲಾ. ನಾನು ಸೈಕಲ್ ಹತ್ತಿದೆ.

ಕೇಬಲ್ಲಿನ ತುದಿಯ ಪಿನ್ನು ಮುರಿದಿತ್ತು. ಚೀಲದಲ್ಲಿ ಇನ್ನೊಂದು ಇರಲಿಲ್ಲ. ತರಲು ಹೋಗುತ್ತೇನೆ ಎಂದರೆ ಈರಮ್ಮನವರು, "ಅಷ್ಟೊತ್ತಿಗೆ ಲಗ್ನಾನ ಮುಗೀತದ. ಕೈಲೇ ಹಿಡ್ಕೊಂಡು ನಿಂದ್ರು" ಎಂದರು. ನಿಂತೆ. ಗುರುಬಸಪ್ಪನವರು ಕುರ್ಚಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಈರಮ್ಮನವರು ಕೆಳಗೆ ಚಾಪೆಯ ಮೇಲೆ, ಪಕ್ಕದಲ್ಲಿ ಸೀರೆ ಮತ್ತು ಕಾಯಿಯ ತಟ್ಟೆ. ಮನೆಯಾಕೆ ನೀಲಮ್ಮನವರು ಅಡುಗೆಮನೆಯ ಬಾಗಿಲಲ್ಲಿ, ಹಿಟ್ಟಿನ ಕೈಯಲ್ಲಿ. ನಾನು ಎಲ್ಲಿದ್ದೆ ಎಂದು ಹೇಳಿದ್ದೇನೆ.

ಸಿನಿಮಾದಲ್ಲಿ ಗುಟ್ಟು ರಟ್ಟಾಗಿತ್ತು. ಆ ಯುವಕನಿಗೆ ಬೇಕರಿಯವಳೇ ಬೇಕು. ನಿಜವಾದ ರಾಜಕುಮಾರಿ ಬೇಕರಿಯಿಂದ ಹಿಂತಿರುಗಿ ತಂದೆಯ ಮುಂದೆ ನಿಂತಿದ್ದಳು. ಈರಮ್ಮನವರಿಗೆ ಕಸಿವಿಸಿ. "ಅಯ್ಯ, ಅತ್ತಿ ಮಗನ್ನ ರೊಟ್ಟಿ ಮಾರಾಕಿಗೆ ಕೊಡ್ತಾರೇನು? ಈಗ ಈಕಿ ಅಳ್ತಾಳ ನೋಡು" ಎಂದರು.

ರಾಜಕುಮಾರಿ ಅಳಲಿಲ್ಲ. ಗಾಜಿನ ಕಪಾಟಿನಲ್ಲಿ ಅವಳ ತುಟಿ ಆಡಿತು. ಬಂದ ದನಿ ರಾಜಕುಮಾರಿಯದೂ ಅಲ್ಲ, ಬೇಕರಿಯವಳದೂ ಅಲ್ಲ. ನಿಧಾನವಾದ, ತಗ್ಗಿದ ದನಿ. ಅದನ್ನು ನಾನು ಮೈಕಿನಲ್ಲಿ ಅದುವರೆಗೆ ಕೇಳಿರಲಿಲ್ಲ.

"ಅಪ್ಪಾರ, ಅತ್ತಿ ಮ್ಯಾಲ ನನಗ ಸಿಟ್ಟಿಲ್ಲ. ಅತ್ತಿ ಮಗನೂ ಕೆಟ್ಟಾವಲ್ಲ. ನನ್ನ ಮಾತ್ರ ಯಾರೂ ಕೇಳಲಿಲ್ಲ. ನನಗ ಸಾಲ್ಯಾಗ ಕೆಲಸ ಸಿಕ್ಕೈತ್ರಿ. ಹುಡುಗ್ರಿಗೆ ಕಲಸ್ತೀನಿ. ಇವತ್ತು ಹೂ ಮುಡಸಬ್ಯಾಡ್ರಿ."

ಈರಮ್ಮನವರು ಹುಬ್ಬು ಗಂಟಿಕ್ಕಿದರು. "ಸಾಲಿ ಎಲ್ಲಿಂದ ಬಂತು? ಆಕಿ ಇಷ್ಟೊತ್ತನ ರೊಟ್ಟಿ ಸುಡ್ತಿದ್ಲಲ್ಲ."

ನೀಲಮ್ಮನವರು ಹಿಟ್ಟಿನ ಕೈಯಲ್ಲೇ ಬಂದು ಟಿ.ವಿ.ಯ ದನಿ ಜೋರು ಮಾಡಿ, ಅಲ್ಲಿಯೇ ನಿಂತರು. ಆ ದನಿ ಮಗಳದು ಎಂದು ಅವರಿಗೆ ಎಂದಿನಿಂದ ಗೊತ್ತಿತ್ತೋ ನಾನು ಹೇಳಲಾರೆ. ಬೆರಗಾದವರ ಮುಖ ಮಾತ್ರ ಅದಾಗಿರಲಿಲ್ಲ.

ಆಮೇಲೆ ರಾಜ ಬಾಯಿ ತೆರೆದ. ತುಟಿ ಆಡಿತು, ಗಡ್ಡ ಆಡಿತು. ದನಿ ಬರಲಿಲ್ಲ. ಪಿನ್ನು ಸರಿಯಿತೇನೋ ಎಂದು ನಾನು ಬೆರಳು ಬಿಗಿ ಮಾಡಿದೆ. ಚಿತ್ರ ಸ್ವಚ್ಛವಾಗಿತ್ತು. ರಾಜನನ್ನೂ ನೋಡಿಕೊಳ್ಳುತ್ತೇನೆ ಎಂದಿದ್ದವಳು ರಾಜನಿಗೆ ಮಾತು ಕೊಡಲಿಲ್ಲ. ರಾಜ ಬಹಳ ಹೊತ್ತು ಮಾತಾಡಿದ, ಅಥವಾ ನನಗೆ ಬಹಳ ಹೊತ್ತೆನಿಸಿತು. ನನ್ನ ಬೆರಳು ಜಾರಿ ಒಮ್ಮೆ ಚಿತ್ರ ಕದಡಿತು. "ಸರಿ ಹಿಡಿಯಲೇ" ಎಂದರು ಗುರುಬಸಪ್ಪನವರು, ನನ್ನ ಕಡೆ ನೋಡದೆ.

ಅವರು ಎದ್ದು ಮೂಲೆಗೆ ಹೋಗಿ ಎಲೆಯಡಿಕೆ ಉಗುಳಿ ಬಂದರು. ಕೂಡಲಿಲ್ಲ. ಟಿ.ವಿ.ಯ ಮುಂದೆ ನಿಂತು ಅದಕ್ಕೆ ಹೇಳಿದರು:

"ಮೊದಲಾ ಹೇಳಬಾರದೇನವಾ."

ಈರಮ್ಮನವರು, "ಅಣ್ಣಾ, ಅದು ಟಿ.ವಿ." ಎಂದರು.

"ಗೊತ್ತೈತಿ ಬಿಡು" ಎಂದರು ಗುರುಬಸಪ್ಪನವರು. "ಕೆಲಸಕ್ಕ ಹೋಗು ಅಂತ ಹೇಳಿದೆ."

ಅಷ್ಟೇ ಮಾತು. ಅದಕ್ಕೆ ನಾನು ಒಂದು ಅಕ್ಷರ ಸೇರಿಸಿಲ್ಲ. ತೆರೆಯ ಮೇಲೆ ರಾಜ ಮಗಳನ್ನು ಅಪ್ಪಿಕೊಂಡ. ಹಿಮ ಬೀಳತೊಡಗಿತು.

ಸಂಜೆ ಶಿವಲೀಲಾ ಬರುವ ಹೊತ್ತಿಗೆ ನಾನು ಹೊಸ ಪಿನ್ನು ತಂದು ಕೂಡಿಸುತ್ತಿದ್ದೆ. "ಪರೀಕ್ಷಿ ಮುಗೀತೇನು?" ಎಂದರು ತಂದೆ. "ಮುಗೀತ್ರಿ" ಎಂದಳು. "ಅತ್ತಿ ಬಸ್ಸಿನ್ಯಾಗ ಬಂದು ದಣದಾಳ. ಇವತ್ತು ಹೂವು ಗೀವು ಬ್ಯಾಡ. ಆಕಿಗೆ ಊಟಕ್ಕ ನೀಡು." ಅವಳು ಒಳಗೆ ಹೋದಳು. ಆ ದನಿ ಯಾರದು ಎಂದು ಗುರುಬಸಪ್ಪನವರು ಆ ದಿನವೂ ಕೇಳಲಿಲ್ಲ, ಅನಂತರ ಎಂದೂ ಕೇಳಲಿಲ್ಲ. ಈರಮ್ಮನವರು ಮರುದಿನ ಬೆಳಿಗ್ಗೆ ಹಡಗಲಿಗೆ ಹೋದರು. ಸೀರೆಯನ್ನು ವಾಪಸು ಒಯ್ದರು, ಕಾಯಿಯನ್ನು ಬಿಟ್ಟುಹೋದರು.

ಧಣಿ ನನಗೆ ಬೈದರು. ರಾಜ ಏನೆಂದ ಎಂದು ಊರೆಲ್ಲ ಕೇಳುತ್ತಿದೆ, ಏನು ಹೇಳಲಿ? ಮೈಕ್ ಕೈಕೊಟ್ಟಿತು ಎಂದೆ. ಟೇಪು ಹಾಗೆಯೇ ಉಳಿದ ಊರುಗಳಿಗೆ ಹೋಯಿತು. ಹರಪನಹಳ್ಳಿಯ ಆಪರೇಟರಿಗೆ ಮೌನ ಸೇರಲಿಲ್ಲ. ತಾನೇ ಮೈಕ್ ಹಿಡಿದು, ರಾಜನಿಂದ ದಾವಣಗೆರೆಯ ಕನ್ನಡದಲ್ಲಿ, ಸಾಲಿಯೂ ಇಲ್ಲ ಗೀಲಿಯೂ ಇಲ್ಲ, ಮುಚ್ಕೊಂಡು ಮದುವೆಯಾಗು ಎಂದು ಚೆನ್ನಾಗಿ ಬೈಸಿದನಂತೆ. ಮರುಗಳಿಗೆಯೇ ರಾಜ ಮಗಳನ್ನು ಅಪ್ಪಿ ಕಣ್ಣೀರಿಟ್ಟ. ಅಲ್ಲಿನ ಜನ ಅದರಲ್ಲೇನೂ ದೋಷ ಕಾಣಲಿಲ್ಲ. ಅಪ್ಪ ಅಂದ ಮೇಲೆ ಬೈದೇ ಅಪ್ಪಿಕೊಳ್ಳೋದು ಎಂದರಂತೆ. ಈಗ ಕೆಲಸಕ್ಕೆ ಬರುವವರಿಗೆ ನಾನು ಹೇಳುವ ಒಂದೇ ಬುದ್ಧಿಮಾತು ಇದು: ಚೀಲದಲ್ಲಿ ಯಾವಾಗಲೂ ಇನ್ನೊಂದು ಪಿನ್ನು ಇಟ್ಟುಕೊಳ್ಳಿ. ನಾನು ಆ ದಿನ ಇಟ್ಟುಕೊಂಡಿರಲಿಲ್ಲ, ಆದ್ದರಿಂದ ಈ ಮಾತನ್ನು ಪೂರ್ತಿ ನಂಬಿಕೆಯಿಂದ ಹೇಳುತ್ತಿಲ್ಲ.

ಆ ಪಡಸಾಲೆಯಲ್ಲಿ ಇದನ್ನು ಕಂಡವರು ನನ್ನನ್ನು ಸೇರಿಸಿ ನಾಲ್ವರು. ಗುರುಬಸಪ್ಪನವರು ಈಗಿಲ್ಲ. ಈರಮ್ಮನವರು ಹಡಗಲಿಯಲ್ಲಿದ್ದಾರೆ. ಕಣ್ಣು ಮಂಜಾಗಿದೆ, ನೆನಪು ಗಟ್ಟಿ ಇದೆ. ಕೇಬಲ್ಲಿನವನು ಸರಿಯಾಗಿ ಹಿಡಿದುಕೊಂಡಿದ್ದರೆ ರಾಜ ಒಪ್ಪುತ್ತಿರಲಿಲ್ಲ ಎಂದು ಅವರು ಈಗಲೂ ಹೇಳುತ್ತಾರೆ. ನೀಲಮ್ಮನವರು ಹರಪನಹಳ್ಳಿ ಹತ್ತಿರದ ಬಾಗಳಿಯಲ್ಲಿ ಮಗಳ ಜೊತೆ ಇದ್ದಾರೆ. ಶಿವಲೀಲಾ ಅಲ್ಲಿನ ಶಾಲೆಯಲ್ಲಿ ಕಲಿಸುತ್ತಾಳೆ. ಅವಳನ್ನು ಸಾಕ್ಷಿ ಎಂದು ಕರೆಯುವಂತಿಲ್ಲ, ಅವಳು ಅಲ್ಲಿರಲಿಲ್ಲ. ಗಿರಣಿಯ ಮೇಲಿನ ಕೋಣೆಯಲ್ಲಿ, ಬಾಯಿ ಆಡಿಸುವ ರಾಜನ ಮುಂದೆ ಮೈಕ್ ಹಿಡಿದು ಸುಮ್ಮನೆ ಕೂತಿದ್ದಳು. ಮರುದಿನ ಬಂದು, "ಅಣ್ಣಾರ, ಅಪ್ಪಾರು ಏನಂದ್ರು?" ಎಂದು ಕೇಳಿದ್ದು ನನ್ನನ್ನು. ಅವರು ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ಅವಳ ಹತ್ತಿರ ಇರುವುದು ನನ್ನ ಆ ಮಾತು ಮಾತ್ರ. ಅದು ನಿಜವೆನ್ನಲು ಇನ್ನೂ ಇಬ್ಬರು ಬದುಕಿದ್ದಾರೆ.